ನಾಲ್ಕನೇ ಬೆಡ್ಡಿನ ಪಕ್ಕದ ಬೇಸಿನ್

ಮಂಗಳವಾರ ಬೆಳಿಗ್ಗೆ ಮೂರನೇ ರಿಪೋರ್ಟು ಕೈಗೆ ಬಂದಾಗ ನನ್ನ ಪಿತ್ತ ನೆತ್ತಿಗೇರಿತು. ಮೊದಲು ಒಂದನೇ ಬೆಡ್ಡು, ಆಮೇಲೆ ಎರಡು, ಈಗ ಮೂರು. ಒಂಬತ್ತು ದಿನಗಳಲ್ಲಿ ಮೂವರಿಗೂ ಅದೇ ರೋಗಾಣು! ಹಾಳೆಯಲ್ಲಿ ಹತ್ತೊಂಬತ್ತು ಆಂಟಿಬಯೋಟಿಕ್‌ಗಳ ಹೆಸರಿತ್ತು. ಹದಿನೆಂಟು ಅದರ ಮುಂದೆ ಕೈಚೆಲ್ಲಿದ್ದವು. ಉಳಿದ ಒಂದೇ ಒಂದು ಔಷಧಿ ಕಿಡ್ನಿಗೇ ಕೈ ಹಾಕುವಂಥದ್ದು. ಒಂದನೇ ಬೆಡ್ಡಿನ ಗಿಡ್ಡಯ್ಯನವರಿಗೆ ಅದನ್ನೇ ಕೊಡುತ್ತಿದ್ದೆವು, ಅವರ ಮೂತ್ರ ದಿನೇ ದಿನೇ ಕಡಿಮೆಯಾಗುತ್ತಿತ್ತು.

ನಾನು ಸೌಜನ್ಯ. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ನರ್ಸು. ಹೆಸರಿಗೂ ನನಗೂ ಸಂಬಂಧವಿಲ್ಲ ಎಂದು ಇಡೀ ಐಸಿಯು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ದೊಡ್ಡ ಡಾಕ್ಟರೇ ಆಗಲಿ, ಕೈ ತೊಳೆಯದೆ ರೋಗಿಯನ್ನು ಮುಟ್ಟಿದರೆ ನಾನು ಸುಮ್ಮನೆ ಬಿಟ್ಟವಳಲ್ಲ.

ಸೋಂಕು ತಗುಲದೆ ಉಳಿದಿದ್ದವಳು ನಾಲ್ಕನೇ ಬೆಡ್ಡಿನ ಪ್ರೇಕ್ಷಾ ಒಬ್ಬಳೇ. ಇಪ್ಪತ್ತನಾಲ್ಕು ವರ್ಷ. ಹಿರೀಸಾವೆಯ ಮನೆಯಲ್ಲಿ ಚಾಪೆ ಹಾಸಿ ಮಲಗಿದ್ದಾಗ ಕಟ್ಟುಹಾವು ಕಚ್ಚಿತ್ತು. ವಿಷಕ್ಕೆ ಇಂಜೆಕ್ಷನ್ ಆಗಿತ್ತು. ಆದರೆ ಮೈಯ ಶಕ್ತಿಯೆಲ್ಲ ಸೋತು, ರೆಪ್ಪೆ ಎತ್ತಲೂ ಆಗದೆ, ಗಂಟಲಿಗೆ ಕೊಳವೆ ಹಾಕಿಸಿಕೊಂಡು ವೆಂಟಿಲೇಟರ್ ಮೇಲಿದ್ದಳು. ಬುದ್ಧಿ ಮಾತ್ರ ಪೂರ್ತಿ ಎಚ್ಚರವಾಗಿತ್ತು. ಇನ್ನೆರಡು ಮೂರು ದಿನ ಆ ದರಿದ್ರ ರೋಗಾಣು ಅವಳ ಶ್ವಾಸಕೋಶಕ್ಕೆ ಹೋಗದಿದ್ದರೆ ಹುಡುಗಿ ತನ್ನ ಕಾಲ ಮೇಲೆ ಮನೆಗೆ ಹೋಗುತ್ತಾಳೆ. ಅದು ಒಳಗೆ ಹೊಕ್ಕರೆ, ಹಾವಿನಿಂದ ಬದುಕಿದವಳು ನಮ್ಮ ಕೈಯಲ್ಲಿ ಸಾಯುತ್ತಾಳೆ.

ನನ್ನ ಅನುಮಾನವೆಲ್ಲ ಅವಳಪ್ಪನ ಮೇಲೆ. ದೊಡ್ಡಯ್ಯನವರದು ಹಿರೀಸಾವೆಯ ಹೈವೇ ಪಕ್ಕದಲ್ಲಿ ಹೋಟೆಲು. ದಿನಾ ಬಸ್ಸಿನಲ್ಲಿ ಬರುತ್ತಿದ್ದರು, ಜೇಬಿನಲ್ಲಿ ವಿಭೂತಿ ಗಟ್ಟಿ. ಮಗಳ ಹಣೆಗೆ ಮೂರು ಬೆರಳಲ್ಲಿ ಹಚ್ಚಿ, ಉಳಿದ ಮೂರು ಬೆಡ್ಡಿನವರಿಗೂ ಹಚ್ಚಿಯೇ ಹೊರಡಬೇಕು. ನಾನು ಬಯ್ದು ಅದನ್ನು ಕಿತ್ತುಕೊಂಡು ಭಾನುವಾರವೇ ಲ್ಯಾಬಿಗೆ ಕಳಿಸಿದ್ದೆ. ಮೂರು ಸಲ ಕೈ ತೊಳೆಯದೆ ಮಗಳ ಹತ್ತಿರ ಸುಳಿಯಕೂಡದು ಎಂದು ಎಲ್ಲರೆದುರೇ ಹೇಳಿದ್ದೆ. ಪಾಪ, ಆ ಮನುಷ್ಯ ಎದುರಾಡಿರಲಿಲ್ಲ.

ಅವತ್ತು ಹನ್ನೊಂದು ಗಂಟೆಗೆ ಬಂದು, ಮಗಳ ಬೆಡ್ಡಿನ ಪಕ್ಕದ ಬೇಸಿನ್ನಿನಲ್ಲಿ ಕೈ ತೊಳೆಯುತ್ತಾ ನನ್ನನ್ನು ಕರೆದರು.

"ಸಿಸ್ಟರಮ್ಮ, ನೀವ್ ಏಳ್ದಂಗೆ ಮೂರ್ ಸಲ ತೊಳ್ದಿವ್ನಿ. ಆದ್ರೆ ಈ ಸೋಪು ನೀರ್ನೀರಾಗದೆ ಕಣವ್ವ. ಬಾಟ್ಲಿ ತಳಾವ ಯಾವತ್ತಾರಾ ತೊಳ್ದವ್ರಾ?"

"ಸೋಪಿನ ಬಾಟ್ಲೀನ ಯಾರಾದ್ರೂ ತೊಳೀತಾರೇನ್ರೀ, ಯಜಮಾನ್ರೇ?"

"ನಮ್ಮ ಓಟ್ಲಲ್ಲಿ ಮೊಸರಿನ ಪಾತ್ರೆ ತೊಳೀದಂಗೆ ಆಲು ಉಯ್ದ್ರೆ ಏನಾಯ್ತದೆ ಏಳಿ? ಬ್ಯಾರೆ ಎಪ್ಪೇ ಬ್ಯಾಡ. ತಳದಲ್ಲಿರಾದೇ ಸಾಕು."

ಹೆಪ್ಪು! ಪಂಪನ್ನು ತಿರುಚಿ ತೆಗೆದು ಬಾಟಲಿಯೊಳಗೆ ಟಾರ್ಚ್ ಬಿಟ್ಟೆ. ತಳದಲ್ಲಿ ಲೋಳೆ ಕಟ್ಟಿತ್ತು. ಒಂದನೇ ಬೇಸಿನ್ನಿಗೆ ಓಡಿದೆ, ಅಲ್ಲೂ ಲೋಳೆ. ಎರಡರಲ್ಲೂ, ಮೂರರಲ್ಲೂ! ನಾನು ಹಗಲೂ ರಾತ್ರಿ ಬಯ್ದು ಬಯ್ದು ತೊಳೆಸುತ್ತಿದ್ದ ಅಷ್ಟೂ ಕೈಗಳು ಇದರಲ್ಲೇ ತೊಳೆಸಿಕೊಂಡು ರೋಗಿಗಳ ಕೊಳವೆ ಮುಟ್ಟುತ್ತಿದ್ದವು.

"ಕೃಷ್ಣಮ್ಮಾ!" ಎಂದು ಕೂಗಿದ ಕೂಗಿಗೆ ಐಸಿಯು ಆಯಾ ಬಕೆಟ್ ಬಿಟ್ಟು ಓಡಿಬಂದಳು. "ಯಾರು ಇದಕ್ಕೆ ನೀರು ಹಾಕಿದ್ದು?"

ಕೃಷ್ಣಮ್ಮ ಬೂವನಹಳ್ಳಿಯವಳು. ಹನ್ನೆರಡು ವರ್ಷದಿಂದ ಒಂದು ಸುಳ್ಳೂ ಹೇಳಿದವಳಲ್ಲ.

"ನಾನಾಗೇ ಆಕ್ಲಿಲ್ಲ ಕಣಕ್ಕ. ಓದ್ ತಿಂಗ್ಳು ನೀವೇ ಇಲ್ಲಿ ನಿಂತ್ಕಂಡು, ಖಾಲಿ ಬಾಟ್ಲಿಗೆ ಒಸಿ ನೀರ್ ಬುಟ್ಟು ಕುಲುಕಿ, 'ಇನ್ನೂ ನಾಕ್ ದಿನ ಬರುತ್ತೆ, ಸುಮ್ನೆ ಎಸೀಬೇಡ' ಅಂದ್ರಿ. ಆಮ್ಯಾಕೆ ಎಲ್ಲಾ ಬಾಟ್ಲಿಗೂ ಅಂಗೇ ಮಾಡ್ತಿವ್ನಿ. ಸೋಪಿನ ಕ್ಯಾನ್ ಬಂದಾಗ ಅದ್ರ ಮ್ಯಾಲೇ ತುಂಬುಸ್ತಿವ್ನಿ."

ನೆನಪಾಯಿತು. ಮನೆಯಲ್ಲಿ ಶಾಂಪೂ ಬಾಟಲಿಗೆ ನಾನು ಮಾಡುವುದೂ ಅದನ್ನೇ, ನನ್ನಮ್ಮ ಮಾಡುತ್ತಿದ್ದುದೂ ಅದನ್ನೇ. ಇದರಲ್ಲಿ ಯೋಚಿಸುವಂಥದ್ದೇನಿದೆ ಎಂದು ಕೈ ತಾನಾಗಿ ನೀರು ಬಿಟ್ಟಿತ್ತು. ಸುತ್ತ ನೋಡಿದೆ. ದೊಡ್ಡಯ್ಯ ಅಷ್ಟರಲ್ಲಿ ಹೊರಗೆ ಹೋಗಿದ್ದರು. ಸದ್ಯ, ಯಾರಿಗೂ ಕೇಳಿಸಲಿಲ್ಲ ಅಂದುಕೊಂಡೆ.

ಆಮೇಲಿನ ಎರಡು ದಿನ ನಾನು ಕಾಲು ನೆಲಕ್ಕೂರಲಿಲ್ಲ. ಬಾಟಲಿಗಳೆಲ್ಲ ಲ್ಯಾಬಿಗೆ ಹೋದವು. ಮೊಹರು ಒಡೆಯದ ಹೊಸ ಸೋಪು ಬಂತು. ಅವತ್ತೇ ಸಂಜೆ ಪ್ರೇಕ್ಷಾಗೆ ಜ್ವರ ನೂರೊಂದು! ಕೊನೆಯ ಔಷಧಿ ಈಗಲೇ ಶುರು ಮಾಡೋಣ ಎಂದರು ಐಸಿಯು ಡಾಕ್ಟರು. ಲ್ಯಾಬಿನ ಸಂಘಮಿತ್ರಾ ಮೇಡಂ ಒಪ್ಪಲಿಲ್ಲ. ಕಫದ ಪರೀಕ್ಷೆ ಬರಲಿ, ಇಲ್ಲದ ರೋಗಕ್ಕೆ ಕಿಡ್ನಿ ಕಳೆಯುವುದು ಬೇಡ ಎಂದರು. ಅಷ್ಟರಲ್ಲಿ ಡ್ರಿಪ್ ಹಾಕಿದ್ದ ಕೈ ಕೆಂಪಗೆ ಊದಿರುವುದು ಕಂಡಿತು. ಸೂಜಿ ಬದಲಿಸಿದೆವು, ಬೆಳಿಗ್ಗೆಗೆ ಜ್ವರ ಇಳಿದಿತ್ತು. ಆದರೂ ರಿಪೋರ್ಟು ಬರುವವರೆಗೆ ನನ್ನ ಜೀವದಲ್ಲಿ ಜೀವವಿರಲಿಲ್ಲ.

ಗುರುವಾರ ಹತ್ತು ಗಂಟೆಗೆ ಸಂಘಮಿತ್ರಾ ಮೇಡಂ ಫೋನು ಬಂತು.

"ಸೌಜನ್ಯ, ಸೋಪಲ್ಲಿ ಬೆಳೆದಿದೆ ಕಣೇ, ಕಾಡು ಬೆಳೆದಂಗೆ! ಮೂರು ಬೆಡ್ಡಿನದೂ ಇದೂ ಒಂದೇ ಥರ, ಅದೇ ಹದಿನೆಂಟು ಔಷಧಿಗೂ ಜಗ್ಗಲ್ಲ."

"ಪ್ರೇಕ್ಷಾಂದು ಮೇಡಂ?"

"ಏನೂ ಇಲ್ಲ. ವಿಭೂತೀಲೂ ಏನೂ ಬೆಳೆದಿಲ್ಲ, ಆ ಅಪ್ಪನಿಗೆ ವಾಪಸ್ ಕೊಡು."

ನಾನು ಕಾರಿಡಾರಿನಲ್ಲೇ ಕುಣಿದುಬಿಟ್ಟೆ. ಸೆಕ್ಯುರಿಟಿಯವನು ನಕ್ಕ, ನಗಲಿ ಬಿಡಿ. ಮಧ್ಯಾಹ್ನ ಹನ್ನೆರಡಕ್ಕೆ ಪ್ರೇಕ್ಷಾಳ ಕೊಳವೆ ತೆಗೆದರು. ಕೆಮ್ಮಿದಳು, ತಾನಾಗಿ ಉಸಿರೆಳೆದಳು, ಕಣ್ಣು ಬಿಟ್ಟಳು. ಕೃಷ್ಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗೂ ಕಣ್ಣು ತುಂಬಿಬಂತು. ಮೂರು ಗಂಟೆ ಹೊತ್ತಿಗೆ ಹತ್ತಿಯನ್ನು ನೀರಲ್ಲಿ ಅದ್ದಿ ಅವಳ ತುಟಿಗೆ ಇಡಲು ಬಗ್ಗಿದೆ. ಅವಳು ನನ್ನನ್ನೇ ದಿಟ್ಟಿಸಿದಳು. ಒಡೆದ ದನಿಯಲ್ಲಿ ಕೇಳಿದಳು.

"ನಮ್ಮಪ್ಪಂಗೆ ಬಯ್ತಿದ್ದೋರು ನೀವೇ ಅಲ್ವಾ?"

ನನ್ನ ಕೈ ಅಲ್ಲೇ ನಿಂತಿತು.

"ಎಲ್ಲಾ ಕೇಳಿಸ್ತಿತ್ತು ನಂಗೆ. ಕಣ್ಣು ಬಿಡಕ್ಕಾಗ್ತಿರ್ಲಿಲ್ಲ ಅಷ್ಟೇ." ಉಸಿರು ತೆಗೆದುಕೊಂಡಳು. "ಸೋಪಿಗೆ ನೀರು ಹಾಕಿದ್ದು ನೀವು. ಅಪ್ಪಂಗೆ ಹೇಳಿದ್ರಾ?"

"ಇಲ್ಲಮ್ಮ."

"ಹೇಳಿ."

ವಿಭೂತಿ ಗಟ್ಟಿ ತೆಗೆದುಕೊಂಡು ಹೊರಗೆ ಹೋದೆ. ದೊಡ್ಡಯ್ಯ ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದರು. ವಿಭೂತಿಯನ್ನು ಅವರ ಕೈಗಿಟ್ಟು, ತಪ್ಪು ನಿಮ್ಮದಲ್ಲ, ರೋಗ ಹರಡಿದ್ದು ಸೋಪಿನಿಂದ, ಅದಕ್ಕೆ ನೀರು ಹಾಕುವುದನ್ನು ಕಲಿಸಿದವಳು ನಾನೇ ಎಂದೆ. ಅವರು ಗಟ್ಟಿಯನ್ನು ಜೇಬಿಗಿಟ್ಟುಕೊಂಡರು.

"ನನ್ ಮಗ್ಳು ಉಳ್ಕಂಡ್ಲು ಕಣವ್ವ. ನಂಗ್ ಏಳಿದ್ದಾಯ್ತು," ಎಂದರು. "ಒಂದ್ನೇ ಬೆಡ್ಡಿನ ಗಿಡ್ಡಯ್ಯನೋರ ಮಗ ಕೆಳ್ಗೆ ಔಸ್ದಿ ಅಂಗ್ಡಿ ತಾವ ನಿಂತವ್ನೆ. ಅವುಂಗೂ ಏಳು."

ನಾನು ಮೆಟ್ಟಿಲಿಳಿದೆ.