ಪೂಜೆಗೆ ಹಾಕಿದ ಹೊಸ ಬ್ರೌಸರ್

ಚನ್ನರಾಯಪ್ಪನ ಮೊದಲ ಏಟು ಬಿದ್ದದ್ದು ಕಂಪ್ಯೂಟರಿಗೆ, ಎರಡನೆಯದು ಮುನೇಶನ ಹೆಗಲಿಗೆ. ಕೈಯಲ್ಲಿದ್ದದ್ದು ಲಾರಿಯ ವೀಲ್ ಸ್ಪ್ಯಾನರ್. ಮೂಳೆ ಲಟಕ್ಕೆಂದದ್ದು ಮುನೇಶನಿಗೇ ಕೇಳಿಸಿತು. ಕಿರುಚಲಿಕ್ಕೂ ಉಸಿರು ಸಿಗದೆ ಗೋಡೆಗೆ ಒರಗಿ ಜಾರಿ ಕೂತ.

ಹೊಡೆದವನು ಹೊರಗಿನವನಲ್ಲ, ಸ್ವಂತ ಅಕ್ಕನ ಗಂಡ. ನಂಗಲಿಯಲ್ಲಿ ಎರಡು ಲಾರಿ ಇಟ್ಟುಕೊಂಡಿದ್ದವನಿಗೆ ಕೈ ಮೊದಲು, ಮಾತು ಆಮೇಲೆ. ಮಗಳು ಶ್ರುತಿ ಕೋಲಾರದಲ್ಲಿ ನರ್ಸಿಂಗ್ ಓದಬೇಕೆನ್ನುವುದು ಅವನ ಹಟ. ಅತ್ತೆ, ಅಂದರೆ ಮುನೇಶನ ತಾಯಿ, ಆವಲಮ್ಮನದು ಇನ್ನೊಂದು ಹಟ: ಸೋದರಮಾವ ಮುನೇಶ ಇರುವಾಗ ಮೊಮ್ಮಗಳು ಹೊರಗೆ ಯಾಕೆ ಹೋಗಬೇಕು? ಅತ್ತೂ ಕರೆದೂ ಮುದುಕಿ ಒಂದು ಮಾತಿಗೆ ಒಪ್ಪಿಸಿದ್ದಳು. ಅರ್ಜಿ ಹೋದರೆ ಓದು, ಹೋಗದಿದ್ದರೆ ಮುನೇಶನ ಜೊತೆ ಮದುವೆ. ಹೋಗೇ ಹೋಗುತ್ತದೆ ಅನ್ನುವ ಧೈರ್ಯದಲ್ಲಿ ಚನ್ನರಾಯಪ್ಪ ಹೂಂಗುಟ್ಟಿದ್ದ. ಅರ್ಜಿ ಇಂಟರ್‌ನೆಟ್ಟಿನಲ್ಲೇ ಹಾಕಬೇಕಿತ್ತು. ವಿಜಯದಶಮಿಯ ಮಧ್ಯಾಹ್ನ ಹನ್ನೆರಡಕ್ಕೆ ಅದರ ಬಾಗಿಲು ಮುಚ್ಚುತ್ತಿತ್ತು.

ಮುಳಬಾಗಿಲಿನ ಬಸ್‌ಸ್ಟ್ಯಾಂಡ್ ಪಕ್ಕ ಮುನೇಶನದೊಂದು ಬ್ರೌಸಿಂಗ್ ಸೆಂಟರ್, ನಾಲ್ಕು ಮುದಿ ಕಂಪ್ಯೂಟರು. ಆಯುಧಪೂಜೆಗೆ ಲಾರಿಯವರು ಬಣ್ಣ ಹೊಡೆಸುವ ಹಾಗೆ ಇವನು ನಾಲ್ಕಕ್ಕೂ ಹೊಸ ಬ್ರೌಸರ್ ಹಾಕಿದ. ಕುಂಕುಮವಿಟ್ಟ, ಚೆಂಡುಹೂ ಮುಡಿಸಿದ, ಬೂದುಗುಂಬಳ ಒಡೆದ. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಪುಣ್ಯಾತ್ಮ ತೆರೆದೂ ನೋಡಲಿಲ್ಲ. ವಿಜಯದಶಮಿ ಒಳ್ಳೆಯ ದಿನ, ಅರ್ಜಿಯನ್ನು ಅವತ್ತೇ ಕಳಿಸೋಣ ಎಂದು ಶ್ರುತಿಗೆ ಹೇಳಿದವನೂ ಅವನೇ.

ಬೆಳಿಗ್ಗೆ ಬ್ರೌಸರ್ ತೆರೆಯಲಿಲ್ಲ. ಈ ಪ್ರೊಸೆಸರ್ ಹಳೆಯದು, ಇನ್ನು ಮುಂದೆ ಇದರ ಮೇಲೆ ಓಡುವುದಿಲ್ಲ ಎಂದು ಪರದೆ ಹೇಳಿತು. ಬ್ರೌಸರಿನವರು ಈ ಸಲದಿಂದ ಹಳೆಯ ಪ್ರೊಸೆಸರುಗಳನ್ನು ಕೈಬಿಟ್ಟಿದ್ದರು. ನಾಲ್ಕರಲ್ಲೂ ಅದೇ ಪಾಡು. ಕಂಪ್ಯೂಟರಿನ ಜೊತೆಗೇ ಬಂದಿದ್ದ ಇನ್ನೊಂದು ಬ್ರೌಸರಿನಲ್ಲೂ ಫೋನಿನಲ್ಲೂ ಅರ್ಜಿಯ ಪುಟ ಮೂಡಲೇ ಇಲ್ಲ. ಊರಿನ ಬೇರೆ ಸೆಂಟರುಗಳು ಹಬ್ಬಕ್ಕೆ ಬಾಗಿಲು ಹಾಕಿದ್ದವು. ಮುನೇಶ ಹಳೆಯ ಬ್ರೌಸರನ್ನೇ ಮತ್ತೆ ಇಳಿಸಿಕೊಳ್ಳುವಷ್ಟರಲ್ಲಿ ಹನ್ನೆರಡು ದಾಟಿತ್ತು.

“ಬೇಕಂತ್ಲೇ ಮಾಡಿದೀಯ ಕಣೋ. ನನ್ ಮಗಳ ಮೇಲೆ ಕಣ್ಣು ನಿಂಗೆ,” ಅಂದ ಚನ್ನರಾಯಪ್ಪ.

ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತ ತುಂಬಿದ್ದರೂ ಮುನೇಶ ಪ್ರೊಸೆಸರಿನ ಕಥೆ ಹೇಳಹೊರಟ. ಕೇಳುವವರು ಯಾರು? ಪಕ್ಕೆಗೆ ಒದೆ ಬಿತ್ತು. ಉಳಿದ ಮೂರು ಮಾನಿಟರುಗಳೂ ಒಡೆದು ಗಾಜು ಅವನ ತಲೆಗೂದಲಿನಲ್ಲಿ ಸಿಕ್ಕಿಕೊಂಡಿತು. ತಾನು ಎತ್ತಿ ಆಡಿಸಿದ ಮಗುವನ್ನು ಹೆಂಡತಿಯೆಂದು ನೆನೆಯುವುದೇ ಅವನಿಗೆ ಅಸಹ್ಯವಾಗಿತ್ತು. ಅದನ್ನು ಈ ರಾಕ್ಷಸನಿಗೆ ಹೇಳುವುದು ಹೇಗೆ? ಬಾಗಿಲಲ್ಲಿ ನಿಂತಿದ್ದ ಶ್ರುತಿಯ ಕಡೆ ನೋಡಿದ. ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತು ಎಲ್ಲವನ್ನೂ ಕಂಡವಳು, ಅವಳಾದರೂ ಹೇಳುತ್ತಾಳೆ ಎಂದು ಆಸೆಪಟ್ಟ.

ಶ್ರುತಿ ಬಂದು ಅಪ್ಪನ ಕೈ ಹಿಡಿದಳು. ಮುನೇಶನ ಎದುರು ಕುಕ್ಕರುಗಾಲಲ್ಲಿ ಕೂತಳು.

“ಮಾವ, ಮದುವೆಗೆ ಒಪ್ಗೆ ಅಂತ ಅಜ್ಜಿ ಹತ್ರ ಅಂದಿದ್ಯಂತೆ. ನಿಜಾನಾ?”

ಅಂದದ್ದು ನಿಜ. ಮುದ್ದೆ ಬಡಿಸುತ್ತ ಆವಲಮ್ಮ ಅದೇ ರಾಗ ಎಳೆಯುತ್ತಿದ್ದಾಗ, ನೆಮ್ಮದಿಯಾಗಿ ನಾಲ್ಕು ತುತ್ತು ಇಳಿದರೆ ಸಾಕೆಂದು ಆಗಲಿ ಅಂದಿದ್ದ.

“ಅಂದೆ, ಆದ್ರೆ…”

ಮುಂದಿನದನ್ನು ಅವಳು ಕೇಳಲಿಲ್ಲ. ಅಪ್ಪನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡಳು. ಮುನೇಶ ನೆಟ್ಟಗಿದ್ದ ಕೈಯನ್ನು ಅಡ್ಡ ಹಿಡಿದ; ಅವಳು ಆ ಕೈಗೇ ಹೊಡೆದಳು. ಆಮೇಲೆ ಮುಖಕ್ಕೆ, ಮಂಡಿಗೆ, ಬಿದ್ದಲ್ಲಿಗೆ. ಅಪ್ಪನಿಗಾದರೂ ನಡುವೆ ಬೈಯುವುದಕ್ಕೆ ಬಿಡುವು ಬೇಕಾಗಿತ್ತು, ಇವಳಿಗೆ ಅದೂ ಬೇಕಾಗಲಿಲ್ಲ. ಕೊನೆಗೆ ಚನ್ನರಾಯಪ್ಪನೇ ಹೆದರಿ ಮಗಳ ಸೊಂಟ ಹಿಡಿದು ಹಿಂದಕ್ಕೆ ಎಳೆದ.

“ಬಿಡಮ್ಮ, ಸತ್ತೋಗ್ತಾನೆ.”

“ಸಾಯ್ಲಿ ಬಿಡಪ್ಪ,” ಅಂದಳು ಶ್ರುತಿ. “ಆವಾಗ ಮದುವೆ ಇರಲ್ಲ.”