ಒಂಬತ್ತನೇ ತೊಟ್ಟಿಲು

ನಮ್ಮ ಮನೆಯ ಗೋಡೆಯ ಮೇಲೆ ಎರಡು ಫೋಟೊಗಳಿವೆ. ಒಂದರಲ್ಲಿ ಆರು ವರ್ಷದ ನಾನು, ಇನ್ನೊಂದರಲ್ಲಿ ಅದೇ ವಯಸ್ಸಿನ ನನ್ನ ಮಗ. ಇಬ್ಬರೂ ಕೂತಿರುವುದು ಕಡಲ ದಂಡೆಯ ಆಟದ ಪಾರ್ಕಿನ ದೊಡ್ಡ ಚಕ್ರದಲ್ಲಿ, ಒಂದನೇ ನಂಬರಿನ ತೊಟ್ಟಿಲಲ್ಲಿ. ಹಿಂದೆ ನೀರು, ಮುಂದೆ ಹಲ್ಲು ಬಿದ್ದ ನಗು.

ಆ ಚಕ್ರವನ್ನು ಅಲ್ಲಿ ಕಟ್ಟಿ ನಿಲ್ಲಿಸಿದವರು ನನ್ನ ಅಪ್ಪ. ಬಿರುಗಾಳಿಯ ತಿಂಗಳುಗಳು ಮುಗಿದು ಪಾರ್ಕು ತೆರೆಯುವ ದಿನ ಮೊದಲ ಸುತ್ತು ಮನೆಯ ಮಗುವಿನದು ಎಂಬ ಕಟ್ಟಳೆಯೂ ಅವರದೇ. ಮನೆಯಲ್ಲಿ ಮಗು ಇಲ್ಲದ ವರ್ಷ ದೊಡ್ಡವರೇ ಒಬ್ಬರು ಕೂರುತ್ತಿದ್ದೆವು, ಅದೇ ಒಂದನೇ ನಂಬರಿನಲ್ಲಿ. ಜನ ಗೇಟಿನಾಚೆ ನಿಂತು ನೋಡುತ್ತಿದ್ದರು. ಪಾರ್ಕಿನವರು ತಮ್ಮ ಮಗುವನ್ನೇ ಕೂರಿಸಿದ ಮೇಲೆ ಇನ್ನೇನು ಭಯ ಎಂದುಕೊಂಡು ಸಾಲು ಕಟ್ಟುತ್ತಿದ್ದರು.

ಅಪ್ಪನ ವಿಷಯ ಬಂದಾಗಲೆಲ್ಲ ನಾನು ನೆಂಟರಿಗೆ ಒಂದು ನೆನಪು ಹೇಳುತ್ತಿದ್ದೆ. ಹನ್ನೆರಡು ತೊಟ್ಟಿಲುಗಳೂ ಎರಡೆರಡು ಕಬ್ಬಿಣದ ಪಿನ್ನುಗಳ ಮೇಲೆ ತೂಗುತ್ತವೆ. ಪಾರ್ಕು ತೆರೆಯುವ ಮುನ್ನ ಅಪ್ಪ ಅಷ್ಟನ್ನೂ ಬಿಚ್ಚಿ ಗೋಣಿಚೀಲದ ಮೇಲೆ ಹರವಿ, ಒಂದೊಂದನ್ನೇ ದಾರಕ್ಕೆ ಕಟ್ಟಿ ತೂಗುಬಿಟ್ಟು, ಸಣ್ಣ ಸುತ್ತಿಗೆಯಿಂದ ಬಡಿದು ಕಿವಿ ಕೊಡುತ್ತಿದ್ದರು. ಗಟ್ಟಿ ಪಿನ್ನು ಗಂಟೆಯಂತೆ ಕೂಗುತ್ತದೆ. ಉಪ್ಪುಗಾಳಿ ಒಳಗೊಳಗೇ ತಿಂದದ್ದು ಒಡಕು ಮಡಕೆಯಂತೆ ಸದ್ದು ಮಾಡುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಕೂಗಿದ ಎರಡನ್ನು ಪಕ್ಕಕ್ಕೆ ಎತ್ತಿಟ್ಟು, "ಇವು ನನ್ನ ಮಗಳಿಗೆ" ಅನ್ನುತ್ತಿದ್ದರು. ಎಂಥ ಪ್ರೀತಿ ನೋಡಿ ಎಂದು ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಉಳಿದ ಇಪ್ಪತ್ತೆರಡು ಹೇಗೆ ಕೂಗಿದವು ಎಂದು ಕೇಳಿದವರು ಯಾರೂ ಇಲ್ಲ. ನನಗೂ ಅದು ಹೊಳೆದಿರಲಿಲ್ಲ.

ಈ ವರ್ಷ ಮೊಮ್ಮಗಳ ಸರದಿ. ಈಗ ಪಿನ್ನುಗಳ ಕೆಲಸ ನನ್ನ ಮಗನದು, ಟಿಕೆಟ್ ಕಿಟಕಿ ನನ್ನದು, ಚಕ್ರದ ಹಿಡಿಕೆ ನನ್ನ ತಮ್ಮನದು. ತಮ್ಮನನ್ನು ಪಾರ್ಕಿನವರೆಲ್ಲ ಎಣ್ಣೆಡಬ್ಬಿ ಎಂದೇ ಕರೆಯುತ್ತಾರೆ. ತೊಟ್ಟಿಲುಗಳಿಗೆ ಬಣ್ಣ ಬಳಿಯುವಾಗ ಮೊಮ್ಮಗಳು ಹಟ ಹಿಡಿದು ಒಂಬತ್ತನೆಯದರ ಮೇಲೆ ಹಳದಿ ಮೀನು ಬರೆದಿದ್ದಳು. ಅದು ಮೀನೋ, ಬಾಲ ಬಂದ ಬದನೆಕಾಯೋ ಎಂದು ಎಣ್ಣೆಡಬ್ಬಿ ಕೇಳಿದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಳು.

ತೆರೆಯುವ ದಿನ ಬೆಳಿಗ್ಗೆ ಗಾಳಿ ಜೋರಾಗಿತ್ತು. ಮಗ ಫೋಟೊ ತೆಗೆಯಲು ದೂರದ ಕಟ್ಟೆಯ ಹತ್ತಿರ ಹೋದ. ನನ್ನ ಫೋಟೊ, ಅವನ ಫೋಟೊ ಎರಡನ್ನೂ ತೆಗೆದದ್ದು ಅಲ್ಲಿಂದಲೇ. ಅಷ್ಟರಲ್ಲಿ ಮೊಮ್ಮಗಳು ಓಡಿ ಬಂದು, ಮೀನಿನ ಜೊತೆ ಕೂರಲು ಅಪ್ಪ ಹೇಳಿದ್ದಾರೆ ಎಂದು ಎಣ್ಣೆಡಬ್ಬಿಗೆ ಸುಳ್ಳು ಹೇಳಿದಳು. ಅವನಿಗೇನು, ಯಾವುದಾದರೇನು. ಒಂಬತ್ತನ್ನು ಕೆಳಗೆ ತಂದು, ಕೂರಿಸಿ, ಅಡ್ಡಕಂಬಿ ಹಾಕಿ ಹಿಡಿಕೆ ತಳ್ಳಿದ. ಹಳದಿ ಮೀನು ಮೇಲಕ್ಕೆ ಹೊರಟಿತು. ಕಿಟಕಿಯ ಹಿಂದೆ ಕೂತ ನನಗೆ ನಗು ಬಂತು.

ಆಮೇಲೆ ಮಗನನ್ನು ನೋಡಿದೆ. ಕ್ಯಾಮೆರಾ ಮರಳಿನಲ್ಲಿ ಬಿದ್ದಿತ್ತು, ಅವನು ಓಡಿ ಬರುತ್ತಿದ್ದ. ನಾನೂ ಹೊರಗೆ ಬಂದೆ.

"ಮಾವ, ಬ್ರೇಕ್ ಹಾಕ್ಬೇಡಿ." ಅವನ ದನಿ ಪಿಸುಮಾತಿನಷ್ಟಿತ್ತು. "ಜಗ್ಗಿದ್ರೆ ತೊಟ್ಟಿಲು ತೂಗಾಡುತ್ತೆ. ಹಾಗೇ ನಿಧಾನಕ್ಕೆ ಸುತ್ತಿಸಿ ಇಳಿಸಿ."

ಏನು ಮಾಡಿದ್ದೀಯ ಎಂದು ಕೇಳಿದೆ. ಅವನು ಒಂಬತ್ತರಿಂದ ಕಣ್ಣು ತೆಗೆಯಲಿಲ್ಲ.

"ಒಂದನೇದರ ಪಿನ್ನು ಎರಡೂ ಒಡಕು ಸದ್ದು ಮಾಡ್ತಿದ್ವು ಅಮ್ಮ. ಒಂಬತ್ತರದು ಚೆನ್ನಾಗಿ ಕೂಗ್ತಿತ್ತು. ಅದಲು ಬದಲು ಮಾಡ್ದೆ. ತಾತ ಮಾಡ್ತಿದ್ರಲ್ಲ, ಹಾಗೇ. ನೀನೇ ಹೇಳ್ತಿದ್ದೆ."

ಒಡಕು ಪಿನ್ನುಗಳು ಈಗ ಒಂಬತ್ತರಲ್ಲಿದ್ದವು.

ಮೊಮ್ಮಗಳು ತುದಿ ಮುಟ್ಟಿದ್ದಳು. ಕಂಬಿಯ ಮೇಲೆ ಬಗ್ಗಿ ಎರಡೂ ಕೈ ಬೀಸುತ್ತಿದ್ದಳು. ಅವಳು ಬಗ್ಗಿದಾಗಲೆಲ್ಲ ಮೇಲಿನಿಂದ ಕಿರ್ ಎಂಬ ಸದ್ದು. ಕೂಗಿದರೆ ಎದ್ದೇ ನಿಲ್ಲುವ ಮಗು ಅದು. ನಾನು ಅವಳಿಗೆ ಕಾಣುವಂತೆ ಮರಳಿನಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ, ಬಾಯಿಯ ಮೇಲೆ ಬೆರಳಿಟ್ಟೆ. ಮನೆಯಲ್ಲಿ ನಾವಿಬ್ಬರೂ ಆಡುವ ಆಟ ಅದು. ಮೊದಲು ಅಲುಗಾಡಿದವರು ಸೋತ ಹಾಗೆ. ಅವಳು ನೋಡಿದಳು. ಕೈಕಟ್ಟಿ ಕೂತಳು.

ಅರ್ಧ ಸುತ್ತು ಇಳಿಯಲು ಎಷ್ಟು ಹೊತ್ತು ಬೇಕು? ಇಷ್ಟು ವರ್ಷ ಟಿಕೆಟ್ ಹರಿದ ನನಗೆ ಅದು ಅಂದೇ ತಿಳಿದದ್ದು. ತೊಟ್ಟಿಲು ಕೆಳಗೆ ಬಂದಾಗ ಒಂದು ಬದಿಗೆ ವಾಲಿತ್ತು. ಮಗ ಅವಳನ್ನು ಎತ್ತಿ ಎದೆಗೆ ಒತ್ತಿಕೊಂಡ. ನೀನೇ ಮೊದಲು ಅಲುಗಾಡಿದ್ದು ಎಂದು ಅವಳು ನನ್ನ ಮೇಲೆ ದೂರು ಹೇಳಿದಳು.

ಗೇಟಿನಾಚೆ ಜನ ಚಪ್ಪಾಳೆ ತಟ್ಟಿದರು. ಸಾಲು ಆಗಲೇ ಬೆಳೆಯುತ್ತಿತ್ತು.

ಮಗ ಸುಧಾರಿಸಿಕೊಂಡು, ಒಂಬತ್ತನ್ನು ಖಾಲಿ ಬಿಡೋಣ ಎಂದ. ಉಳಿದವು ಇಷ್ಟು ವರ್ಷ ಓಡಿವೆ, ಏನೂ ಆಗಿಲ್ಲ ಎಂದ.

"ಉಳಿದವು ಹೇಗೆ ಕೂಗಿದ್ವು?" ಎಂದೆ.

ಅವನು ಮಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿದ.

"ಹಾಗಾದ್ರೆ ನಿನ್ನ ಮಗಳನ್ನ ನಾಲ್ಕರಲ್ಲಿ ಕೂರಿಸಿ ಒಂದು ಸುತ್ತು ಬಿಡು. ಆಮೇಲೆ ಕಿಟಕಿ ತೆಗೀತೀನಿ."

ಅವನ ಕೈ ಮಗುವಿನ ಸುತ್ತ ಇನ್ನಷ್ಟು ಬಿಗಿಯಾಯಿತು. ನಾನು ಟಿಕೆಟ್ ಕೋಣೆಗೆ ಹೋದೆ. ಗೇಟು ದಾಟಿ ಬಂದಿದ್ದ ಒಬ್ಬಳು, ಕಂಕುಳಲ್ಲಿ ಕೂಸು, ಬೆರಳ ಗೆಣ್ಣಿನಿಂದ ಕಿಟಕಿ ತಟ್ಟಿ, ಯಾವಾಗ ಶುರು ಎಂದು ಕೇಳಿದಳು. ಈ ವರ್ಷ ಇಲ್ಲ ಎಂದೆ. ಅವಳು ನಂಬಲಿಲ್ಲ.

"ಈಗ ತಾನೇ ನಿಮ್ಮ ಮಗು ಸುತ್ತಿ ಬಂತಲ್ಲ?"

"ಅದಕ್ಕೇ ಹೇಳ್ತಿರೋದು, ತಾಯಿ" ಎಂದು ಕಿಟಕಿಯ ಅಗುಳಿ ಹಾಕಿದೆ. ಹೊರಗೆ ಸಾಲು ಕದಲಲಿಲ್ಲ. ಅದರೆದುರು ವಾಲಿ ನಿಂತ ಹಳದಿ ಮೀನು ಗಾಳಿಗೆ ಕಿರ್ ಎನ್ನುತ್ತಲೇ ಇತ್ತು.