ಗಂಗೆಯಲ್ಲಿ ಬಿಟ್ಟ ಸಿನಿಮಾ

ಕಾಶಿಗೆ ಬಂದವರು ತಮಗೆ ತುಂಬ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಡಬೇಕು. ನಾರಾಯಣಪ್ಪನವರು ಹಾಗಲಕಾಯಿ ಬಿಡಲು ಹೊರಟಿದ್ದರು. ಜನ್ಮದಲ್ಲಿ ಅದನ್ನು ಬಾಯಿಗಿಟ್ಟವರಲ್ಲ.

“ಗಂಗಮ್ಮನಿಗೇ ಟೋಪಿ ಹಾಕ್ತೀರಾ?” ಎಂದು ಹೆಂಡತಿ ಕಾವೇರಮ್ಮ ಸೊಂಟದ ಮಟ್ಟ ನೀರಿನಲ್ಲಿ ನಿಂತೇ ಗದರಿದರು. “ಸಿನಿಮಾ ಬಿಡಿ.”

ತಿಪಟೂರಿನಲ್ಲಿ ಗಿರಾಕಿ ಎದುರಿಗಿದ್ದರೂ ಬಟ್ಟೆ ಅಂಗಡಿಯ ಬಾಗಿಲೆಳೆದು ಟೆಂಟಿಗೆ ಓಡುತ್ತಿದ್ದ ಮನುಷ್ಯ! ಈಗ ಅಂಗಡಿ ಮಾರಿ, ಕೊನೆಗಾಲ ಇಲ್ಲೇ ಎಂದು ಇಬ್ಬರೂ ಬಂದಾಗಿತ್ತು. ಮೂಗು ಹಿಡಿದು ಮುಳುಗಿ, ಸಿನಿಮಾ ಬಿಟ್ಟರು. ಕಾವೇರಮ್ಮ ಹಲಸಿನ ಹಣ್ಣು ಬಿಟ್ಟರು. ಮತ್ತೆ ಅದರ ಮಾತೇ ಎತ್ತಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು. ಬೊಂಬಾಯಿಯ ತಂಡವೊಂದು ಹೊಡೆದಾಟದ ಚಿತ್ರ ತೆಗೆಯಲು ಕೇದಾರ ಘಾಟಿಗೆ ಬಂದಾಗ, “ಶೂಟಿಂಗ್ ನೋಡೋದು ಸಿನಿಮಾ ನೋಡಿದ ಹಾಗಲ್ಲ” ಎಂದು ನಾರಾಯಣಪ್ಪನವರು ವಕೀಲರಂತೆ ವಾದ ಹೂಡಿದರು. ಹೆಂಡತಿಯನ್ನೂ ಕರೆದೊಯ್ದು ಮೆಟ್ಟಿಲ ಮೇಲೆ ಕೂತರು. ಕ್ಯಾಮೆರಾ ಎದುರಿನ ದೋಣಿಯಲ್ಲಿತ್ತು.

ಆ ಚಳಿಗಾಲ ಕಾವೇರಮ್ಮ ಜ್ವರ ಬಂದು ತೀರಿಕೊಂಡರು. ಆಕೆಯದೊಂದು ಫೋಟೊ ಕೂಡ ಇರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಆ ಮುಖ ನೆನಪಿನಲ್ಲಿ ಮಸುಕಾಗತೊಡಗಿ, ಅವರಿಗೆ ಭಯವಾಯಿತು. ಆಗಲೇ ಕಂಟೋನ್ಮೆಂಟಿನ ಗೋಡೆಯ ಮೇಲೆ ಆ ಚಿತ್ರದ ಪೋಸ್ಟರ್ ಕಂಡದ್ದು.

“ಬಿಟ್ಟಿದ್ದನ್ನ ಮತ್ತೆ ಮುಟ್ಟಿದ್ರೆ ಕಾಶಿಗೆ ಬಂದ ಪುಣ್ಯವೆಲ್ಲ ನೀರುಪಾಲು,” ಎಂದು ಪಕ್ಕದ ಕೋಣೆಯ ಕಮಲಾದೇವಿ ಎಚ್ಚರಿಸಿದರು. ಹೋದರೆ ಹೋಗಲಿ, ಅವಳ ಮುಖ ಒಮ್ಮೆ ಕಂಡರೆ ಸಾಕು ಎಂದು ನಾರಾಯಣಪ್ಪನವರು ರಿಕ್ಷಾ ಹತ್ತಿದರು.

ಅದು ಸಿನಿಮಾವೋ, ಶಿಕ್ಷೆಯೋ! ಚಿನ್ನದ ಬಿಸ್ಕತ್ತಿನ ಸೂಟ್‌ಕೇಸೊಂದು ಕೈಯಿಂದ ಕೈಗೆ ಹೋಗುತ್ತಿತ್ತು. ಯಾಕೆ ಕದ್ದೆವೆಂದು ಕದ್ದವರಿಗೇ ಗೊತ್ತಿದ್ದಂತಿರಲಿಲ್ಲ. ನಾಯಕನ ತಂಗಿ ಸತ್ತಳು. ಪಾಪ, ಅವಳಿಗೊಂದು ಹೆಸರಿಡಲೂ ಕಥೆ ಬರೆದ ಮಹಾರಾಯನಿಗೆ ಪುರುಸೊತ್ತಿರಲಿಲ್ಲ. ಅಣ್ಣ ಕಣ್ಣೊರೆಸಿಕೊಂಡವನೇ ಹಾಡಿ ಕುಣಿದ. ಖಳನಾಯಕನಿಗೆ ನಗುವುದೊಂದೇ ಕೆಲಸ. ಇಂಥ ತಲೆಬುಡವಿಲ್ಲದ್ದಕ್ಕೆ ವ್ರತ ಮುರಿದೆನಲ್ಲ ಎಂದು ನಾರಾಯಣಪ್ಪನವರಿಗೆ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಕೇದಾರ ಘಾಟಿನ ಕೆಂಪು ಬಿಳಿ ಪಟ್ಟೆಯ ಮೆಟ್ಟಿಲು ಬಂತು. ನಾಯಕ ಪಿಸ್ತೂಲು ಹಿಡಿದು ಓಡಿದ. ನಾರಾಯಣಪ್ಪನವರು ಕೂರಲಾಗದೆ ಎದ್ದು ನಿಂತರು.

ಪರದೆಯ ಮೇಲೂ ಒಬ್ಬ ಮುದುಕ ಎದ್ದು ನಿಂತ. ಬಾಯಿ ಬಿಟ್ಟುಕೊಂಡು, ಕತ್ತು ಚಾಚಿ, ನಾಯಕನನ್ನೇ ನುಂಗುವಂತೆ ನೋಡುತ್ತಿದ್ದ. ಅವರೇ. ಅವರ ಹಿಂದಿನ ಮೆಟ್ಟಿಲಲ್ಲಿ ಕಾವೇರಮ್ಮ ಇದ್ದರು. ಕಂಡದ್ದು ಹಸಿರು ಬಳೆಯ ಒಂದು ಕೈ ಮಾತ್ರ. ಅದು ಪಂಚೆ ಹಿಡಿದು ಜಗ್ಗುತ್ತಿತ್ತು.

ಆಕೆ ಅಂದು ಹೇಳಿದ್ದು ಈಗ ನೆನಪಾಯಿತು: “ಸ್ವಲ್ಪ ಸರ್ಕೊಳ್ರೀ, ನಂಗೇನೂ ಕಾಣ್ತಿಲ್ಲ.” ಅವರು ಸರಿದಿರಲಿಲ್ಲ.

“ಅರೇ ಬಾಬಾ, ಬೈಠ್ ಜಾಯಿಯೇ!” ಹಿಂದಿನ ಸಾಲಿನವರು ಕೂಗಿದರು. ಅವರಿಗೂ ಏನೂ ಕಾಣುತ್ತಿರಲಿಲ್ಲ.

ನಾರಾಯಣಪ್ಪನವರು ದಡಕ್ಕನೆ ಕೂತು, ಒಂದು ಪಕ್ಕಕ್ಕೆ ಮೈ ಸರಿಸಿಕೊಂಡರು. “ಸರಿದೆ ಕಣೇ,” ಎಂದರು. ಪರದೆಯ ಮೇಲೆ ಆಗಲೇ ಸಾರನಾಥದ ರಸ್ತೆಯಲ್ಲಿ ಜೀಪುಗಳು ಓಡುತ್ತಿದ್ದವು.